ಕಾರುಣ್ಯ ಮತ್ತು ಡ್ಯೂಟಿ ಪಟ್ಟಿ: ಸ್ಟ್ಯಾಫರ್ಡ್ ನಂತರದ ಬ್ರಿಟಿಷ್ ಆರೋಗ್ಯ ಸೇವೆಯಲ್ಲಿ ನಾಯಕತ್ವ ಮತ್ತು ಸಿಬ್ಬಂದಿಯ ಕ್ಷೇಮ

2008ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಮಿಡ್ ಸ್ಟ್ಯಾಫರ್ಡ್‌ಶೈರ್ ಆಸ್ಪತ್ರೆ ಟ್ರಸ್ಟಿಗೆ ‘ಫೌಂಡೇಶನ್ ಟ್ರಸ್ಟ್’ ಎಂಬ ಮನ್ನಣೆ ಸಿಕ್ಕಿತು. ಹಣಕಾಸು ಸರಿಯಾಗಿದೆ, ಆಡಳಿತ ಬಿಗಿಯಾಗಿದೆ, ಇನ್ನು ಮುಂದೆ ಈ ಸಂಸ್ಥೆ ಹೆಚ್ಚಿನ ಸ್ವಾತಂತ್ರ್ಯದಿಂದ ನಡೆಯಬಹುದು ಎಂದು ನಿಯಂತ್ರಕರು ಒಪ್ಪಿ ಕೊಡುವ ಮನ್ನಣೆ ಅದು. ಮರುವರ್ಷದ ಮಾರ್ಚಿನಲ್ಲಿ ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುತ್ತಿದ್ದ ಹೆಲ್ತ್‌ಕೇರ್ ಕಮಿಷನ್ ಅದೇ ಟ್ರಸ್ಟಿನ ಸ್ಟ್ಯಾಫರ್ಡ್ ಆಸ್ಪತ್ರೆಯ ಬಗ್ಗೆ ಪ್ರಕಟಿಸಿದ ವರದಿ ಇಡೀ ದೇಶವನ್ನು ಬೆಚ್ಚಿಬೀಳಿಸಿತು. ಮಲಿನವಾದ ಹಾಸಿಗೆಯಲ್ಲೇ ಗಂಟೆಗಟ್ಟಲೆ ಬಿದ್ದಿದ್ದ ರೋಗಿಗಳು, ಕೈಗೆಟುಕದ ಕಡೆ ಇಟ್ಟ ಊಟ ಮತ್ತು ನೀರು, ಒತ್ತಿದರೂ ಯಾರೂ ಬಾರದ ಕರೆಗಂಟೆ, ತುರ್ತು ವಿಭಾಗಕ್ಕೆ ಬಂದವರಲ್ಲಿ ಯಾರ ಸ್ಥಿತಿ ಗಂಭೀರ ಎಂದು ನಿರ್ಧರಿಸುವ ಕೆಲಸ ಸ್ವಾಗತಕಾರರ ಪಾಲಿಗೆ ಬಂದಿದ್ದು: ಇವೆಲ್ಲ ಒಂದೊಂದಾಗಿ ಹೊರಬಂದವು. 2007ರಲ್ಲಿ ಅಲ್ಲಿ ತಾಯಿಯನ್ನು ಕಳೆದುಕೊಂಡ ಜೂಲಿ ಬೈಲಿ ಕಟ್ಟಿದ ನೊಂದವರ ಗುಂಪು ಹಟ ಹಿಡಿಯದೆ ಇದ್ದಿದ್ದರೆ ಇದರಲ್ಲಿ ಎಷ್ಟು ಬೆಳಕಿಗೆ ಬರುತ್ತಿತ್ತೋ ಹೇಳಲಾಗದು.

ವಕೀಲ ರಾಬರ್ಟ್ ಫ್ರಾನ್ಸಿಸ್ ಎರಡು ಸಲ ವಿಚಾರಣೆ ನಡೆಸಿದರು. 2013ರ ಫೆಬ್ರುವರಿಯಲ್ಲಿ ಬಂದ ಎರಡನೆಯ ವರದಿಯಲ್ಲಿ 290 ಶಿಫಾರಸುಗಳಿದ್ದವು. ಆ ಬೃಹತ್ ಸಂಪುಟಗಳಲ್ಲಿ ಈ ಲೇಖನಕ್ಕೆ ಮುಖ್ಯವಾಗುವ ಎಳೆ ಒಂದೇ. 2006–07ರಲ್ಲಿ ಟ್ರಸ್ಟು 1 ಕೋಟಿ ಪೌಂಡ್ ಉಳಿತಾಯ ಮಾಡಲು ಹೊರಟು 150ಕ್ಕೂ ಹೆಚ್ಚು ಹುದ್ದೆಗಳನ್ನು ಕಡಿತಗೊಳಿಸಿತು. ತುರ್ತು ವಿಭಾಗಕ್ಕೆ ಬಂದ ರೋಗಿಯನ್ನು ನಾಲ್ಕು ಗಂಟೆಯೊಳಗೆ ವಿಲೇವಾರಿ ಮಾಡಬೇಕೆಂಬ ಸರ್ಕಾರಿ ಗುರಿ ಮಾತ್ರ ಹಾಗೆಯೇ ಇತ್ತು. ಕೈಗಳು ಕಡಿಮೆಯಾದವು, ಗಡಿಯಾರ ಕಡಿಮೆಯಾಗಲಿಲ್ಲ. ಅಲ್ಲಿ ನರ್ಸ್ ಆಗಿದ್ದ ಹೆಲೀನ್ ಡೊನೆಲಿ, ಗುರಿ ತಪ್ಪಿದ್ದನ್ನು ಮುಚ್ಚಲು ದಾಖಲೆಗಳಲ್ಲಿ ಸಮಯ ತಿದ್ದುವಂತೆ ಮೇಲಿನವರು ಒತ್ತಾಯಿಸುತ್ತಿದ್ದರೆಂದು ವಿಚಾರಣೆಯಲ್ಲಿ ಸಾಕ್ಷ್ಯ ನುಡಿದರು. ದೂರು ಕೊಟ್ಟ ಮೇಲೆ ಸಹೋದ್ಯೋಗಿಗಳಿಂದಲೇ ಬೆದರಿಕೆ ಬಂದು, ಪಾಳಿ ಮುಗಿಸಿ ಕಾರಿನತ್ತ ಒಬ್ಬರೇ ನಡೆಯಲು ಅವರು ಹೆದರುವಂತಾಯಿತು.

ಸ್ಟ್ಯಾಫರ್ಡಿನ ನರ್ಸುಗಳು ಕರುಣೆ ಇಲ್ಲದವರಾಗಿದ್ದರೇ? ಹಾಗೆ ನಂಬಿದರೆ ಪರಿಹಾರ ಸುಲಭ: ಒಳ್ಳೆಯವರನ್ನು ಆರಿಸಿ, ಒಳ್ಳೆಯತನ ಕಲಿಸಿ. ಈ ಲೇಖನದ ವಾದ ಬೇರೆ. ಆಸ್ಪತ್ರೆಯಲ್ಲಿ ಕಾರುಣ್ಯ ಉಳಿಯುವುದು ಅಥವಾ ಒಣಗುವುದು ಮುಖ್ಯವಾಗಿ ಕೆಲಸವನ್ನು ಜೋಡಿಸಿರುವ ಬಗೆಯಿಂದ. ಒಂದು ಪಾಳಿಗೆ ಎಷ್ಟು ಜನ, ಡ್ಯೂಟಿ ಪಟ್ಟಿ ಯಾರ ಕೈಯಲ್ಲಿ, ತಪ್ಪಾದಾಗ ಮೊದಲ ಪ್ರಶ್ನೆ ಏನು, ‘ಇಲ್ಲಿ ಸರಿಯಿಲ್ಲ’ ಎಂದವರಿಗೆ ಏನಾಗುತ್ತದೆ: ನಾಯಕತ್ವದ ಕಾರುಣ್ಯವನ್ನು ಅಳೆಯಬೇಕಾದದ್ದು ಇಲ್ಲಿ. ಸ್ಟ್ಯಾಫರ್ಡ್ ನಂತರದ ಬ್ರಿಟನ್ನಿನಲ್ಲಿ ಈ ಮಾತಿಗೆ ಪರವಾದ ಪುರಾವೆಯೂ ಇದೆ, ಈ ಮಾತನ್ನು ಮರೆತದ್ದರ ಫಲವೂ ಇದೆ.

ಕೆಳಗಿನವರಿಂದ ಕೇಳಿದ ಕರುಣೆ

ಹಗರಣಕ್ಕೆ ಬಂದ ಮೊದಲ ಪ್ರತಿಕ್ರಿಯೆಗಳು ಕರುಣೆಯನ್ನು ಕೆಳಗಿನವರಿಂದ ಕೇಳಿದವು. ಫ್ರಾನ್ಸಿಸ್ ವರದಿಗೆ ಎರಡು ತಿಂಗಳು ಮುಂಚೆ, 2012ರ ಡಿಸೆಂಬರಿನಲ್ಲಿ, ಇಂಗ್ಲೆಂಡಿನ ಮುಖ್ಯ ನರ್ಸಿಂಗ್ ಅಧಿಕಾರಿ ಜೇನ್ ಕಮಿಂಗ್ಸ್ ಅವರ ಕಾರ್ಯತಂತ್ರ ಆರು ಮೌಲ್ಯಗಳನ್ನು ಮುಂದಿಟ್ಟಿತು. ಆರೈಕೆ, ಕರುಣೆ, ಸಾಮರ್ಥ್ಯ, ಸಂವಹನ, ಧೈರ್ಯ, ಬದ್ಧತೆ. ಇಂಗ್ಲಿಷಿನಲ್ಲಿ ಎಲ್ಲವೂ ‘ಸಿ’ ಅಕ್ಷರದಿಂದ ಆರಂಭವಾಗುವುದರಿಂದ ‘ಸಿಕ್ಸ್ ಸೀಸ್’ ಎಂದೇ ಹೆಸರಾದವು. ಮರುವರ್ಷ ಸರ್ಕಾರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನರ್ಸಿಂಗ್ ಪದವಿಗೆ ಬರುವವರು ಮೊದಲು ಒಂದು ವರ್ಷದವರೆಗೆ ಆರೈಕೆ ಸಹಾಯಕರಾಗಿ ದುಡಿಯಬೇಕೆಂಬ ಪ್ರಸ್ತಾವ ಇಟ್ಟಿತು. ಮೈ ತೊಳೆಸಿ, ಊಟ ಮಾಡಿಸಿ, ಕರುಣೆ ರೂಢಿಯಾಗಲಿ ಎಂಬುದು ಅದರ ಆಶಯ.

ಆ ಆರು ಮೌಲ್ಯಗಳ ಬಗ್ಗೆ ಯಾರ ತಕರಾರೂ ಇರಲಾರದು. ಆದರೆ ಅವನ್ನು ಯಾರಿಂದ ಕೇಳಲಾಯಿತು ಎಂಬುದನ್ನು ಗಮನಿಸಬೇಕು. ಹುದ್ದೆ ಕಡಿದ ಆಡಳಿತ ಮಂಡಳಿಯಿಂದ ಅಲ್ಲ. ಇಪ್ಪತ್ತು ಹಾಸಿಗೆಗಳ ನಡುವೆ ಓಡಾಡುತ್ತಿದ್ದ ನರ್ಸ್‌ನಿಂದ. ಇದಕ್ಕಿಂತ ಭಿನ್ನ ದನಿ ಎತ್ತಿದವರು ಅಮೆರಿಕದ ವೈದ್ಯ ಡಾನ್ ಬರ್ವಿಕ್. ಬ್ರಿಟಿಷ್ ಸರ್ಕಾರದ ಕೋರಿಕೆಯ ಮೇರೆಗೆ ಅವರು 2013ರ ಆಗಸ್ಟಿನಲ್ಲಿ ಕೊಟ್ಟ ವರದಿ ಸಿಬ್ಬಂದಿಯನ್ನು ದೂಷಿಸುವುದನ್ನು ಬಿಡಬೇಕೆಂದು ನೇರವಾಗಿ ಹೇಳಿತು. ಭಯ ಸುರಕ್ಷತೆಗೂ ಸುಧಾರಣೆಗೂ ವಿಷ ಎಂದು ಎಚ್ಚರಿಸಿತು.

ಆತಂಕ ಮತ್ತು ಅಂತರ

ಒಳ್ಳೆಯ ಮನುಷ್ಯರು ವಾರ್ಡಿನಲ್ಲಿ ಏಕೆ ಕಲ್ಲಾಗುತ್ತಾರೆ ಎಂಬ ಪ್ರಶ್ನೆಗೆ ಇಂದಿಗೂ ಅತ್ಯಂತ ಆಳವಾದ ಉತ್ತರ ಸಿಗುವುದು ಅರವತ್ತು ವರ್ಷಕ್ಕೂ ಹಳೆಯದಾದ ಒಂದು ಅಧ್ಯಯನದಲ್ಲಿ ಎಂಬುದು ನನ್ನ ಅಭಿಪ್ರಾಯ. ಟಾವಿಸ್ಟಾಕ್ ಸಂಸ್ಥೆಯ ಮನೋವಿಶ್ಲೇಷಕಿ ಇಸಬೆಲ್ ಮೆಂಜೀಸ್ 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಒಂದು ದೊಡ್ಡ ಬೋಧನಾ ಆಸ್ಪತ್ರೆಯ ನರ್ಸಿಂಗ್ ವ್ಯವಸ್ಥೆಯನ್ನು ಹತ್ತಿರದಿಂದ ನೋಡಿದರು. ಆಸ್ಪತ್ರೆಯವರು ಅವರನ್ನು ಕರೆಸಿದ ಕಾರಣ ಆಡಳಿತಾತ್ಮಕವಾದದ್ದು: ವಿದ್ಯಾರ್ಥಿ ನರ್ಸುಗಳ ತರಬೇತಿಗೂ ವಾರ್ಡುಗಳ ಅಗತ್ಯಕ್ಕೂ ಹೊಂದಿಕೆಯಾಗುತ್ತಿರಲಿಲ್ಲ. ಸುಮಾರು ಮೂರನೇ ಒಂದರಷ್ಟು ವಿದ್ಯಾರ್ಥಿಗಳು ತರಬೇತಿ ಮುಗಿಸದೆ ಬಿಟ್ಟುಹೋಗುತ್ತಿದ್ದರು. ಹೋಗುವವರಲ್ಲಿ ಹಲವರು ಹೆಚ್ಚು ಸಮರ್ಥರು, ಹೆಚ್ಚು ಪ್ರಬುದ್ಧರು.

ಮೆಂಜೀಸ್ ಕಂಡದ್ದು ಇದು. ಸಾವು, ನೋವು, ಬೇರೆಯವರ ಬೆತ್ತಲೆ ದೇಹ, ಕೋಪಗೊಂಡ ಬಂಧುಗಳು: ನರ್ಸಿನ ಕೆಲಸ ದಿನವಿಡೀ ಮನಸ್ಸಿನಲ್ಲಿ ಆತಂಕ ಎಬ್ಬಿಸುತ್ತದೆ. ಆ ಆತಂಕಕ್ಕೆ ಬಾಯಿ ಕೊಡುವ ಜಾಗ ಸಂಸ್ಥೆಯಲ್ಲಿ ಇರಲಿಲ್ಲ. ಬದಲಿಗೆ ಆತಂಕ ಹುಟ್ಟುವ ಸಂದರ್ಭವನ್ನೇ ಕತ್ತರಿಸುವಂತೆ ಸಂಸ್ಥೆ ತನ್ನ ಕೆಲಸವನ್ನು ಜೋಡಿಸಿಕೊಂಡಿತ್ತು. ಒಬ್ಬ ನರ್ಸ್ ಒಬ್ಬ ರೋಗಿಯ ಪೂರ್ತಿ ಆರೈಕೆ ಮಾಡುತ್ತಿರಲಿಲ್ಲ. ಮೂವತ್ತು ಜನಕ್ಕೆ ಜ್ವರ ನೋಡುವುದು ಒಬ್ಬಳ ಪಾಲು, ಮೂವತ್ತು ಜನಕ್ಕೆ ಬೆಡ್‌ಪ್ಯಾನ್ ಕೊಡುವುದು ಇನ್ನೊಬ್ಬಳ ಪಾಲು. ರೋಗಿಗೆ ಹೆಸರಿನ ಬದಲು ಹಾಸಿಗೆಯ ಸಂಖ್ಯೆ ಅಥವಾ ಕೆಟ್ಟ ಅಂಗ ಗುರುತಾಯಿತು. ಯಾವುದೇ ನಿರ್ಧಾರ ಒಬ್ಬರ ಹೆಗಲ ಮೇಲೆ ಬೀಳದಂತೆ ತಪಾಸಣೆಯ ಮೇಲೆ ತಪಾಸಣೆ. ಒಬ್ಬರೊಡನೆ ಸಲಿಗೆ ಬೆಳೆಯುವ ಮೊದಲೇ ಇನ್ನೊಂದು ವಾರ್ಡಿಗೆ ವರ್ಗ. ಹೀಗೆ ಅಂತರ ಕಾಯ್ದುಕೊಂಡರೆ ನೋವು ತಾಕದು ಎಂಬುದು ವ್ಯವಸ್ಥೆಯ ಅಘೋಷಿತ ತರ್ಕ. ಫಲ ತಿರುಗುಮುರುಗಾಗಿತ್ತು. ಆತಂಕ ಹಾಗೆಯೇ ಉಳಿಯಿತು, ಜೊತೆಗೆ ಕೆಲಸದಿಂದ ಸಿಗಬಹುದಾಗಿದ್ದ ತೃಪ್ತಿಯೂ ಹೋಯಿತು. ನಾನು ನೋಡಿಕೊಂಡ ಅಜ್ಜಿ ಇಂದು ಎದ್ದು ನಡೆದಳು ಎನ್ನುವ ಸಂತೋಷ, ಆ ಅಜ್ಜಿಯ ಕಾಲಿಗೆ ಮುಲಾಮು ಹಚ್ಚಿ ಮುಂದಕ್ಕೆ ಹೋದವಳಿಗೆ ಹೇಗೆ ಸಿಕ್ಕೀತು?

ಈ ಅಧ್ಯಯನವನ್ನು ಮುಂದಿಟ್ಟುಕೊಂಡು ಸ್ಟ್ಯಾಫರ್ಡ್ ವರದಿಯನ್ನು ಓದಿದರೆ, ಕರೆಗಂಟೆಗೆ ಓಗೊಡದ ನರ್ಸಿನ ಚಿತ್ರ ಬದಲಾಗುತ್ತದೆ. ಹನ್ನೆರಡು ಕಡೆ ಗಂಟೆ ಬಾರಿಸುತ್ತಿರುವಾಗ ಒಂದಕ್ಕೆ ಮಾತ್ರ ಹೋಗಬಲ್ಲವಳು ಉಳಿದ ಹನ್ನೊಂದನ್ನು ಕೇಳಿಸಿಕೊಳ್ಳದಿರಲು ಕಲಿಯುತ್ತಾಳೆ. ರೋಗಿಗೆ ಆದ ಹಾನಿಯನ್ನು ಇದು ಒಂದಿಷ್ಟೂ ಹಗುರ ಮಾಡುವುದಿಲ್ಲ. ಹಾನಿ ಮತ್ತೆ ಆಗಬಾರದೆಂದರೆ ಎಲ್ಲಿಗೆ ಕೈ ಹಾಕಬೇಕು ಎಂಬುದನ್ನು ಮಾತ್ರ ಹೇಳುತ್ತದೆ.

ಕೇಳಿಸಿಕೊಳ್ಳುವ ಕೆಲಸ

ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ, ಕಿಂಗ್ಸ್ ಫಂಡ್ ಚಿಂತನ ಸಂಸ್ಥೆಯೊಡನೆ ದುಡಿದ ಮೈಕೆಲ್ ವೆಸ್ಟ್ ಅವರ ಹೆಸರಿನೊಡನೆ ‘ಕಾರುಣ್ಯದ ನಾಯಕತ್ವ’ ಎಂಬ ಪರಿಕಲ್ಪನೆ ಇಂದು ಬೆಸೆದುಕೊಂಡಿದೆ. ಅವರು ಇದನ್ನು ನಾಲ್ಕು ಕ್ರಿಯೆಗಳಾಗಿ ಬಿಡಿಸುತ್ತಾರೆ: ಜೊತೆಗಾರರತ್ತ ಗಮನ ಕೊಡುವುದು, ಅವರ ಪರಿಸ್ಥಿತಿಯನ್ನು ಅರ್ಥಮಾಡಿಕೊಳ್ಳುವುದು, ಅದಕ್ಕೆ ಮಿಡಿಯುವುದು, ಕೊನೆಗೆ ನೆರವಾಗುವುದು. ಸಾಮಾನ್ಯವಾಗಿ ಭಾಷಣಗಳಲ್ಲಿ ಮೊದಲ ಮೂರು ಉಳಿದು ನಾಲ್ಕನೆಯದು ಜಾರಿಹೋಗುತ್ತದೆ. ವೆಸ್ಟ್ ಅವರ ಬರಹದಲ್ಲಿ ಒತ್ತು ಇರುವುದೇ ಆ ನಾಲ್ಕನೆಯದರ ಮೇಲೆ: ಕೆಲಸಕ್ಕೆ ಅಡ್ಡವಾಗಿರುವುದನ್ನು ತೆಗೆದುಹಾಕುವುದು ನಾಯಕರ ಹೊಣೆ.

ಅವರ ಹಿಂದಿನ ಸಂಶೋಧನೆ ಇದಕ್ಕೆ ತಳಹದಿ. 2002ರಲ್ಲಿ ಅವರು ಮತ್ತು ಸಹಸಂಶೋಧಕರು ಇಂಗ್ಲೆಂಡಿನ 61 ಆಸ್ಪತ್ರೆಗಳನ್ನು ಹೋಲಿಸಿ, ಸಿಬ್ಬಂದಿಯ ಕೆಲಸದ ಮೌಲ್ಯಮಾಪನ, ತರಬೇತಿ ಮತ್ತು ತಂಡವಾಗಿ ದುಡಿಯುವ ರೀತಿ ಉತ್ತಮವಾಗಿದ್ದಲ್ಲಿ ರೋಗಿಗಳ ಸಾವಿನ ಪ್ರಮಾಣ ಕಡಿಮೆ ಇದ್ದುದನ್ನು ತೋರಿಸಿದರು. ಇದು ಸಹಸಂಬಂಧ, ಒಂದು ಇನ್ನೊಂದಕ್ಕೆ ನೇರ ಕಾರಣ ಎಂದು ಸಾಧಿಸಿದಂತಲ್ಲ. ಆದರೂ ಸಿಬ್ಬಂದಿ ವಿಭಾಗದ ಕಡತಕ್ಕೂ ಶವಾಗಾರದ ಲೆಕ್ಕಕ್ಕೂ ನಂಟಿದೆ ಎಂಬ ಯೋಚನೆ ಅಂದಿನ ಆಡಳಿತಗಾರರಿಗೆ ಹೊಸದು. 2020ರಲ್ಲಿ ನರ್ಸುಗಳು ಮತ್ತು ಸೂಲಗಿತ್ತಿಯರ ಕುರಿತು ವೆಸ್ಟ್ ಮತ್ತು ಸಂಗಡಿಗರು ಬರೆದ ವರದಿ, ಕೆಲಸಗಾರರಿಗೆ ಮೂರು ಮೂಲ ಅಗತ್ಯಗಳಿವೆ ಎಂದಿತು: ತಮ್ಮ ಕೆಲಸದ ಮೇಲೆ ತಮಗೆ ಹಿಡಿತ, ತಂಡಕ್ಕೆ ಸೇರಿದವರೆಂಬ ಭಾವ, ತಮ್ಮ ಕೆಲಸದಿಂದ ಪ್ರಯೋಜನವಾಗುತ್ತಿದೆ ಎಂಬ ಸಮಾಧಾನ.

ಕೇಳಿಸಿಕೊಳ್ಳುವುದಕ್ಕೆ ಒಂದು ಸಾಂಸ್ಥಿಕ ರೂಪವೂ ಇದೆ. ಬೋಸ್ಟನ್ನಿನ ಆರೋಗ್ಯ ಕಾನೂನು ವಕೀಲ ಕೆನೆತ್ ಶ್ವಾರ್ಟ್ಸ್ ಅವರಿಗೆ 1994ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ಒಂದು ವರ್ಷದೊಳಗೆ ಅವರು ತೀರಿಕೊಂಡರು. ಔಷಧಿಯಷ್ಟೇ ತನಗೆ ಆಸರೆಯಾದದ್ದು ಆರೈಕೆ ಮಾಡಿದವರ ಸಣ್ಣ ಸಣ್ಣ ಮಾನವೀಯ ನಡೆಗಳು ಎಂದು ಕಂಡುಕೊಂಡ ಅವರ ಹೆಸರಿನಲ್ಲಿ 1995ರಲ್ಲಿ ಒಂದು ಕೇಂದ್ರ ಶುರುವಾಯಿತು. ಆ ಕೇಂದ್ರ ರೂಪಿಸಿದ ‘ಶ್ವಾರ್ಟ್ಸ್ ರೌಂಡ್ಸ್’ 2009ರಲ್ಲಿ ಕಿಂಗ್ಸ್ ಫಂಡ್ ಮೂಲಕ ಬ್ರಿಟನ್ನಿಗೆ ಬಂತು.

ನಡೆಯುವ ಕ್ರಮ ಸರಳ. ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಹೆಚ್ಚಾಗಿ ಮಧ್ಯಾಹ್ನದ ಊಟದ ಹೊತ್ತಿಗೆ, ಆಸ್ಪತ್ರೆಯ ಸಭಾಂಗಣದಲ್ಲಿ ಒಂದು ಗಂಟೆ. ಬಂದವರಿಗೆ ಊಟ ಅಲ್ಲೇ. ಮೂರ್ನಾಲ್ಕು ಜನ ಮುಂದೆ ಕೂತು ತಲಾ ಕೆಲವೇ ನಿಮಿಷ ತಮ್ಮ ಒಂದು ಅನುಭವ ಹೇಳುತ್ತಾರೆ. ಹೇಳುವವರು ಹಿರಿಯ ಸರ್ಜನ್ ಆಗಿರಬಹುದು, ಸ್ಟ್ರೆಚರ್ ತಳ್ಳುವವರೂ ಆಗಿರಬಹುದು. ಚಿಕಿತ್ಸೆಯ ವಿವರ ಅಲ್ಲಿ ಮುಖ್ಯವಲ್ಲ. ಆ ಪ್ರಸಂಗ ತಮ್ಮನ್ನು ಏನು ಮಾಡಿತು ಎಂಬುದು ಮುಖ್ಯ. ಆಮೇಲೆ ಸಭೆಯವರು ಮಾತಾಡಬಹುದು, ಸುಮ್ಮನೆಯೂ ಇರಬಹುದು. ಮುಖ್ಯವಾದ ಒಂದು ನಿಬಂಧನೆ ಎಂದರೆ ಯಾರೂ ಪರಿಹಾರ ಸೂಚಿಸುವಂತಿಲ್ಲ. ನಡೆಸಿಕೊಡಲು ತರಬೇತಿ ಪಡೆದವರು ಇರುತ್ತಾರೆ. ಯಾರಾದರೂ ‘ನೀವು ಹೀಗೆ ಮಾಡಬೇಕಿತ್ತು’ ಎಂದರೆ ಮಾತನ್ನು ಮೆಲ್ಲಗೆ ತಿರುಗಿಸುತ್ತಾರೆ. ಸದಾ ಉತ್ತರ ಕೊಡುವ ಅಭ್ಯಾಸವಿರುವ ವೈದ್ಯಲೋಕಕ್ಕೆ ಇದು ಸುಲಭದ ಶಿಸ್ತಲ್ಲ. ಮೆಂಜೀಸ್ ಇಲ್ಲವೆಂದು ಗುರುತಿಸಿದ್ದ ಜಾಗ, ಅಂದರೆ ಆತಂಕಕ್ಕೆ ಬಾಯಿ ಕೊಡುವ ಜಾಗ, ಐದು ದಶಕಗಳ ಮೇಲೆ ಇಲ್ಲಿ ಸಿಕ್ಕಿತು.

ನರ್ಸಿಂಗ್ ಪ್ರಾಧ್ಯಾಪಕಿ ಜಿಲ್ ಮೇಬನ್ ನೇತೃತ್ವದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ, ಈ ಸಭೆಗಳಿಗೆ ಬರುತ್ತಿದ್ದವರಲ್ಲಿ ಮಾನಸಿಕ ಸಂಕಟದ ಪ್ರಮಾಣ ಶೇ 25ರಿಂದ 12ಕ್ಕೆ ಇಳಿಯಿತು. ಬಾರದವರಲ್ಲಿ ಶೇ 37ರಿಂದ 34ಕ್ಕೆ ಮಾತ್ರ. ಇದನ್ನು ಎಚ್ಚರದಿಂದ ಓದಬೇಕು. ಬಂದವರು ತಾವಾಗಿ ಬಂದವರು, ಆರಂಭದಲ್ಲೇ ಅವರ ಸ್ಥಿತಿ ಬಾರದವರಿಗಿಂತ ಮೇಲಿತ್ತು. ಅದೇ ಅಧ್ಯಯನ ಇನ್ನೊಂದು ಮಾತನ್ನೂ ದಾಖಲಿಸಿತು: ವಾರ್ಡಿನಲ್ಲಿ ದುಡಿಯುವ ನರ್ಸುಗಳಿಗೆ ಈ ಸಭೆಗೆ ಬರುವುದೇ ಕಷ್ಟ. ಊಟದ ಹೊತ್ತಿಗೆ ವಾರ್ಡನ್ನು ಯಾರ ಕೈಗೆ ಒಪ್ಪಿಸಿ ಬರುವುದು? ಹಾಸಿಗೆಯ ಪಕ್ಕ ಅತಿ ಹೆಚ್ಚು ಹೊತ್ತು ನಿಲ್ಲುವವರು ಅತಿ ಕಡಿಮೆ ಬರುತ್ತಾರೆ. ಕಾರುಣ್ಯಕ್ಕೂ ಡ್ಯೂಟಿ ಪಟ್ಟಿಯಲ್ಲಿ ಜಾಗ ಬೇಕು.

ತಪ್ಪು, ಭಯ, ಶಿಕ್ಷೆ

ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಅಭ್ಯಸಿಸಿದರು. ಒಳ್ಳೆಯ ನಾಯಕತ್ವವಿರುವ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕೆಂಬುದು ಅವರ ನಿರೀಕ್ಷೆ. ಲೆಕ್ಕದಲ್ಲಿ ಅಲ್ಲಿಯೇ ಹೆಚ್ಚು ಕಂಡಿತು. ಆಳಕ್ಕೆ ಇಳಿದಾಗ ಗುಟ್ಟು ತಿಳಿಯಿತು: ಅಲ್ಲಿ ತಪ್ಪುಗಳು ಹೆಚ್ಚು ಆಗುತ್ತಿರಲಿಲ್ಲ, ಹೆಚ್ಚು ಹೊರಗೆ ಬರುತ್ತಿದ್ದವು. ಉಳಿದ ಕಡೆ ಅವು ಮಣ್ಣಾಗುತ್ತಿದ್ದವು. ತಪ್ಪು ಬಾಯಿಬಿಟ್ಟರೆ ಏನಾಗುತ್ತದೋ ಎಂಬ ಭಯ ಇರುವಲ್ಲಿ ಅಂಕಿಅಂಶ ಸುಂದರವಾಗಿರುತ್ತದೆ, ರೋಗಿ ಅಪಾಯದಲ್ಲಿರುತ್ತಾನೆ.

ಈ ಭಯ ಎಷ್ಟು ಆಳವಾದದ್ದೆಂದು ಬ್ರಿಟನ್ನಿಗೆ ತೋರಿಸಿದ್ದು ಲೆಸ್ಟರಿನ ಪ್ರಕರಣ. 2011ರ ಫೆಬ್ರುವರಿಯಲ್ಲಿ ಲೆಸ್ಟರ್ ರಾಯಲ್ ಇನ್ಫರ್ಮರಿಯಲ್ಲಿ ಆರು ವರ್ಷದ ಬಾಲಕನೊಬ್ಬ ಸೆಪ್ಸಿಸ್‌ನಿಂದ ತೀರಿಕೊಂಡ. ಕರ್ತವ್ಯದಲ್ಲಿದ್ದ ತರಬೇತಿ ನಿರತ ವೈದ್ಯೆ ಹದೀಜಾ ಬಾವಾ-ಗಾರ್ಬಾ ಹೆರಿಗೆ ರಜೆ ಮುಗಿಸಿ ಆಗಷ್ಟೇ ಮರಳಿದ್ದರು. ಅಂದು ಗೈರಾದ ಸಹೋದ್ಯೋಗಿಯ ಕೆಲಸವೂ ಅವರ ಮೇಲೆ ಬಿದ್ದಿತ್ತು. ಕಂಪ್ಯೂಟರ್ ವ್ಯವಸ್ಥೆ ಕೆಟ್ಟು ರಕ್ತಪರೀಕ್ಷೆಯ ಫಲಿತಾಂಶಗಳು ತಡವಾಗಿದ್ದವು. ಅವರ ಕಡೆಯಿಂದ ಗಂಭೀರ ತಪ್ಪುಗಳಾದವು. 2015ರಲ್ಲಿ ತೀವ್ರ ನಿರ್ಲಕ್ಷ್ಯದಿಂದಾದ ನರಹತ್ಯೆಯ ಅಪರಾಧಿ ಎಂದು ತೀರ್ಪಾಯಿತು. 2018ರ ಜನವರಿಯಲ್ಲಿ ಹೈಕೋರ್ಟು ಅವರ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ಅಳಿಸಿಹಾಕಿತು. ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಮಾಡಿತು. ಮಗನನ್ನು ಕಳೆದುಕೊಂಡ ತಂದೆತಾಯಿಯ ನೋವಿನ ಮುಂದೆ ಯಾವ ವಾದವೂ ದೊಡ್ಡದಲ್ಲ. ಆದರೆ ಆ ದಿನದ ಪಟ್ಟಿಯಲ್ಲಿ ಖಾಲಿ ಬಿಟ್ಟ ಜಾಗಗಳಿಗೆ ಯಾರು ಹೊಣೆ ಎಂಬ ಪ್ರಶ್ನೆಯನ್ನು ದೇಶದ ಸಾವಿರಾರು ಕಿರಿಯ ವೈದ್ಯರು ಒಟ್ಟಿಗೆ ಕೇಳಿದರು. ತಮ್ಮ ತಪ್ಪುಗಳ ಬಗ್ಗೆ ಪ್ರಾಮಾಣಿಕವಾಗಿ ಬರೆದಿಡಲು ಅವರಲ್ಲಿ ಹಲವರು ಹಿಂಜರಿದರು.

ನ್ಯಾಯಾಲಯದವರೆಗೆ ಹೋಗದ, ಆಸ್ಪತ್ರೆಯ ಒಳಗಿನ ಶಿಸ್ತುಕ್ರಮವೂ ಜೀವ ತೆಗೆಯಬಲ್ಲದು. 2015ರ ಡಿಸೆಂಬರಿನಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಿಂದ ವಜಾಗೊಂಡ ನರ್ಸ್ ಅಮೀನ್ ಅಬ್ದುಲ್ಲಾ ಎರಡು ತಿಂಗಳಲ್ಲಿ ಪ್ರಾಣ ಕಳೆದುಕೊಂಡರು. ಅವರ ವಿರುದ್ಧ ನಡೆದ ಪ್ರಕ್ರಿಯೆ ಅನ್ಯಾಯದ್ದಾಗಿತ್ತೆಂದು ಸ್ವತಂತ್ರ ತನಿಖೆ ಹೇಳಿತು. 2019ರ ಮೇ ತಿಂಗಳಲ್ಲಿ ಆರೋಗ್ಯ ಸೇವೆಯ ವರಿಷ್ಠರು ಎಲ್ಲ ಟ್ರಸ್ಟುಗಳಿಗೆ ಪತ್ರ ಬರೆದು, ಶಿಸ್ತುಕ್ರಮಕ್ಕೆ ಮುನ್ನ ಅದು ನಿಜಕ್ಕೂ ಬೇಕೇ ಎಂದು ನಿಂತು ಯೋಚಿಸುವಂತೆಯೂ, ಆರೋಪಿತ ಸಿಬ್ಬಂದಿಯ ಕ್ಷೇಮವನ್ನು ಗಮನಿಸುವಂತೆಯೂ ಸೂಚಿಸಿದರು.

ಆ ಪತ್ರಕ್ಕೆ ಮೊದಲೇ ಬೇರೆ ದಾರಿ ಹಿಡಿದಿದ್ದು ಲಿವರ್‌ಪೂಲ್ ಪ್ರದೇಶದ ಮರ್ಸಿ ಕೇರ್ ಎಂಬ ಮಾನಸಿಕ ಆರೋಗ್ಯ ಟ್ರಸ್ಟು. ಅಲ್ಲಿನ ಮುಖ್ಯಾಧಿಕಾರಿ ಜೋ ರಾಫರ್ಟಿ ಮತ್ತು ಸಿಬ್ಬಂದಿ ವಿಭಾಗದ ಅಮಾಂಡಾ ಓಟ್ಸ್, ಸುರಕ್ಷತಾ ತಜ್ಞ ಸಿಡ್ನಿ ಡೆಕರ್ ಅವರ ವಿಚಾರಗಳನ್ನು 2016ರ ಹೊತ್ತಿಗೆ ಆಡಳಿತಕ್ಕೆ ಇಳಿಸತೊಡಗಿದರು. ಏನಾದರೂ ಅನಾಹುತವಾದರೆ ಹಿಂದೆ ಕೇಳುತ್ತಿದ್ದದ್ದು: ಯಾವ ನಿಯಮ ಮುರಿಯಿತು, ಮುರಿದವರು ಯಾರು, ಶಿಕ್ಷೆ ಏನು? ಈಗ ಕೇಳುವುದು: ಯಾರಿಗೆ ನೋವಾಗಿದೆ, ಅವರಿಗೆ ಏನು ಬೇಕು, ಅದನ್ನು ಒದಗಿಸುವ ಹೊಣೆ ಯಾರದು? ನೋವಾದವರ ಸಾಲಿನಲ್ಲಿ ರೋಗಿ ಮತ್ತು ಬಂಧುಗಳು ಮೊದಲು. ಆಮೇಲೆ ತಪ್ಪು ಮಾಡಿದ ಸಿಬ್ಬಂದಿಯೂ ಬರುತ್ತಾರೆ. ಶಿಸ್ತುಕ್ರಮದ ಪ್ರಕರಣಗಳು ಕಡಿದಾಗಿ ಇಳಿದವು. 2019ರ ಒಂದು ಅಧ್ಯಯನ ಇದರಿಂದಾದ ಆರ್ಥಿಕ ಲಾಭವನ್ನು ಸುಮಾರು 25 ಲಕ್ಷ ಪೌಂಡ್, ಅಂದರೆ ಟ್ರಸ್ಟಿನ ಒಟ್ಟು ವೆಚ್ಚದ ಹೆಚ್ಚುಕಡಿಮೆ ಶೇ 1 ಎಂದು ಅಂದಾಜಿಸಿತು. ಅಧ್ಯಯನದ ಲೇಖಕರಲ್ಲಿ ಟ್ರಸ್ಟಿನವರೂ ಇದ್ದರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ನನಗೆ ಹಣಕ್ಕಿಂತ ಮುಖ್ಯವಾಗಿ ಕಾಣುವುದು ಪ್ರಶ್ನೆಗಳನ್ನೇ ಬದಲಿಸಿದ್ದು. ಅಧಿಕಾರಿಯೊಬ್ಬರ ಸ್ವಭಾವ ಬದಲಾದರೆ ಅವರು ವರ್ಗವಾಗುವವರೆಗೆ ಬಾಳುತ್ತದೆ. ನಮೂನೆಯ ಮೇಲಿನ ಪ್ರಶ್ನೆ ಬದಲಾದರೆ ಅದು ಅವರ ನಂತರವೂ ಉಳಿಯುತ್ತದೆ.

ಕನ್ನಡ ನಾಡಿಗೆ ಇದು ದೂರದ ವಿಷಯವಲ್ಲ. ಬ್ರಿಟನ್ನಿನ ವಾರ್ಡುಗಳಲ್ಲಿ ಭಾರತದಲ್ಲಿ ತರಬೇತಿ ಪಡೆದ ನರ್ಸುಗಳ ಪಾಲು ದೊಡ್ಡದು. ಮಂಗಳೂರು, ಬೆಂಗಳೂರಿನ ಕಾಲೇಜುಗಳಲ್ಲಿ ಓದಿ ಹೋದ ಕನ್ನಡಿಗರೂ ಮಲಯಾಳಿಗಳೂ ಅವರಲ್ಲಿದ್ದಾರೆ. ಅವರು ಹೋಗುವುದಕ್ಕೆ ಸಂಬಳ ದೊಡ್ಡ ಕಾರಣ. ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿ 2016ರಲ್ಲಿ, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಕೂಡದೆಂದು ಶಿಫಾರಸು ಮಾಡಬೇಕಾಯಿತು ಎಂಬುದೇ ಇಲ್ಲಿನ ಸ್ಥಿತಿಗೆ ಸಾಕ್ಷಿ. ಅಲ್ಲಿಗೆ ಹೋದ ಮೇಲೆ ಸಂಬಳ ಹೆಚ್ಚಿತು, ಆದರೆ ಶಿಸ್ತುಕ್ರಮದ ಕತ್ತಿ ಎಲ್ಲರ ಮೇಲೆ ಒಂದೇ ಸಮ ಬೀಳುತ್ತಿರಲಿಲ್ಲ. 2015ರಿಂದ ಇಂಗ್ಲೆಂಡಿನ ಟ್ರಸ್ಟುಗಳು ಜನಾಂಗವಾರು ಅಂಕಿಅಂಶ ಪ್ರಕಟಿಸಬೇಕಾಗಿದೆ. ಅದರಂತೆ 2016ರಲ್ಲಿ ಬಿಳಿಯರಿಗೆ ಹೋಲಿಸಿದರೆ ಕಪ್ಪು ಮತ್ತು ಇತರ ಅಲ್ಪಸಂಖ್ಯಾತ ಸಿಬ್ಬಂದಿ ಔಪಚಾರಿಕ ಶಿಸ್ತುಕ್ರಮಕ್ಕೆ ಒಳಗಾಗುವ ಸಂಭವ 1.56 ಪಟ್ಟು ಇತ್ತು. 2022ರ ವೇಳೆಗೆ 1.14ಕ್ಕೆ ಇಳಿದಿತ್ತು. ತಂಡಕ್ಕೆ ಸೇರಿದವರೆಂಬ ಭಾವ ಬೇಕು ಎಂದು ವೆಸ್ಟ್ ಹೇಳುವುದನ್ನು ಈ ಅಂಕಿಯ ಪಕ್ಕದಲ್ಲಿಟ್ಟು ಓದಬೇಕು. ಲೆಕ್ಕ ಬಹಿರಂಗವಾದದ್ದರಿಂದ ಸಂಸ್ಥೆಗಳು ಉತ್ತರ ಕೊಡಲೇಬೇಕಾಯಿತು. ಇಳಿಕೆಗೆ ಅದೂ ಒಂದು ಕಾರಣ ಎಂದು ನಾನು ತಿಳಿಯುತ್ತೇನೆ.

ಕ್ಷೇಮದ ಆ್ಯಪ್‌ಗಳು ಮತ್ತು ನಿದ್ದೆ

ಸಿಬ್ಬಂದಿಯ ಕ್ಷೇಮ ಕೆಡುವುದಕ್ಕೆ ತೆರಬೇಕಾದ ಬೆಲೆ ಹಿಂದೆಯೇ ಗೊತ್ತಿತ್ತು. ಸ್ಟೀವ್ ಬೂರ್ಮನ್ ಅವರ 2009ರ ಪರಿಶೀಲನೆ, ಅನಾರೋಗ್ಯದ ರಜೆಯಿಂದ ಆರೋಗ್ಯ ಸೇವೆಗೆ ವರ್ಷಕ್ಕೆ 1.03 ಕೋಟಿ ಕೆಲಸದ ದಿನಗಳೂ 170 ಕೋಟಿ ಪೌಂಡೂ ನಷ್ಟವಾಗುತ್ತಿದೆ ಎಂದಿತ್ತು. ಕೋವಿಡ್ ನಂತರ, 2021ರ ಸಿಬ್ಬಂದಿ ಸಮೀಕ್ಷೆಯಲ್ಲಿ ಶೇ 46.8 ಜನ ಹಿಂದಿನ ಒಂದು ವರ್ಷದಲ್ಲಿ ಕೆಲಸದ ಒತ್ತಡದಿಂದ ಕಾಯಿಲೆ ಬಿದ್ದುದಾಗಿ ಹೇಳಿದರು. ಇದಕ್ಕೆ ಬಂದ ಸಿದ್ಧ ಉತ್ತರ ಧ್ಯಾನದ ಆ್ಯಪ್, ಮನೋದಾರ್ಢ್ಯದ ತರಬೇತಿ, ಯೋಗದ ತರಗತಿ. ಆಕ್ಸ್‌ಫರ್ಡಿನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ಪರಿಶೀಲಿಸಿ, ಇಂಥ ವೈಯಕ್ತಿಕ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರ ಕ್ಷೇಮ ಭಾಗವಹಿಸದವರಿಗಿಂತ ಉತ್ತಮವಾಗಿರಲಿಲ್ಲ ಎಂದು ಕಂಡರು. ವೈದ್ಯರ ಬಳಲಿಕೆಯ ಬಗ್ಗೆ 19 ಅಧ್ಯಯನಗಳನ್ನು ಒಟ್ಟುಗೂಡಿಸಿದ ಮಾರಿಯಾ ಪನಾಜಿಯೋಟಿ ಮತ್ತು ಸಂಗಡಿಗರ 2017ರ ವಿಶ್ಲೇಷಣೆಯೂ, ವ್ಯಕ್ತಿಯನ್ನು ತಿದ್ದುವ ಪ್ರಯತ್ನಗಳಿಗಿಂತ ಸಂಸ್ಥೆಯನ್ನು ತಿದ್ದುವ ಪ್ರಯತ್ನಗಳು ಹೆಚ್ಚು ಫಲಕಾರಿ ಎಂದಿತ್ತು. ಯೋಗ ಒಳ್ಳೆಯದೇ. ರಾತ್ರಿಪಾಳಿ ಮುಗಿಸಿ ಬಂದವರಿಗೆ ಮೊದಲು ಬೇಕಾದದ್ದು ನಿದ್ದೆ.

ಇದು ಮಾತಿನ ಮಾತಲ್ಲ. ತರಬೇತಿಯಲ್ಲಿರುವ ಅರಿವಳಿಕೆ ವೈದ್ಯರ ಬಗ್ಗೆ ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ರಾತ್ರಿಪಾಳಿಯ ನಂತರ ಮನೆಗೆ ಹೋಗುವಾಗ ಅಪಘಾತವಾಗಿದೆ ಅಥವಾ ಕೂದಲೆಳೆಯಲ್ಲಿ ತಪ್ಪಿದೆ ಎಂದವರು ಶೇ 57. ಹಿಂದೆ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರಿಗೆ ಮಲಗುವ ಕೋಣೆಗಳಿದ್ದವು. ಪಾಳಿ ಪದ್ಧತಿ ಬಂದಾಗ ಹಲವು ಕಡೆ ಅವು ಕಚೇರಿಗಳಾಗಿ ಮಾರ್ಪಟ್ಟವು. ಬ್ರಿಟಿಷ್ ವೈದ್ಯರ ಸಂಘ 2018ರಲ್ಲಿ ಪ್ರಕಟಿಸಿದ ಸನ್ನದು ಕೇಳಿದ್ದು ತೀರ ಸಾಮಾನ್ಯ ಸಂಗತಿಗಳನ್ನು: ಒರಗಲು ಒಂದು ಹಾಸಿಗೆ, ರಾತ್ರಿಯೂ ಸಿಗುವ ಬಿಸಿ ಊಟ, ಸಾಕಷ್ಟು ಮುಂಚಿತವಾಗಿ ಕೈಗೆ ಬರುವ ಡ್ಯೂಟಿ ಪಟ್ಟಿ. ಮಗುವಿನ ಶಾಲಾ ವಾರ್ಷಿಕೋತ್ಸವಕ್ಕೆ ಹೋಗಬಹುದೇ ಇಲ್ಲವೇ ಎಂಬುದು ಹಿಂದಿನ ದಿನದವರೆಗೆ ತಿಳಿಯದ ನೌಕರರಿಗೆ, ಕ್ಷೇಮದ ಬಗ್ಗೆ ಮುಖ್ಯಾಧಿಕಾರಿ ಕಳಿಸಿದ ಇಮೇಲ್ ಯಾವ ಅರ್ಥವನ್ನು ಕೊಟ್ಟೀತು?

ತಲೆಯೆಣಿಕೆ

ಕೊನೆಗೆ ಎಲ್ಲ ದಾರಿಗಳೂ ಬಂದು ಸೇರುವುದು ಒಂದೇ ಲೆಕ್ಕಕ್ಕೆ: ಒಬ್ಬ ನರ್ಸಿಗೆ ಎಷ್ಟು ರೋಗಿಗಳು. ಅಮೆರಿಕದ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ನೋಡಿ, ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳಲ್ಲಿ ಸಾಯುವ ಸಂಭವ ಶೇ 7ರಷ್ಟೂ ನರ್ಸ್ ಬಳಲಿ ಕುಸಿಯುವ ಸಂಭವ ಶೇ 23ರಷ್ಟೂ ಏರುವುದನ್ನು ಕಂಡರು. 2014ರಲ್ಲಿ ಒಂಬತ್ತು ಯುರೋಪಿಯನ್ ದೇಶಗಳ 300 ಆಸ್ಪತ್ರೆಗಳ ಮಾಹಿತಿಯಿಂದ ಅದೇ ಶೇ 7 ಮತ್ತೆ ಬಂತು. ಸಿಬ್ಬಂದಿಯ ಕ್ಷೇಮ ಮತ್ತು ರೋಗಿಯ ಜೀವ ಎರಡು ಬೇರೆ ವಿಷಯಗಳೆಂದು ನೋಡುವ ಆಡಳಿತಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಫ್ರಾನ್ಸಿಸ್ ವರದಿಯ ನಂತರ ಚಿಕಿತ್ಸೆಯ ಮಾನದಂಡಗಳನ್ನು ರೂಪಿಸುವ ಇಂಗ್ಲೆಂಡಿನ ನೈಸ್ ಸಂಸ್ಥೆ 2014ರ ಜುಲೈನಲ್ಲಿ ಸಾಮಾನ್ಯ ವಾರ್ಡುಗಳಿಗೆ ಮಾರ್ಗಸೂಚಿ ಹೊರಡಿಸಿತು: ಹಗಲು ಪಾಳಿಯಲ್ಲಿ ಒಬ್ಬ ನರ್ಸಿಗೆ ಎಂಟಕ್ಕಿಂತ ಹೆಚ್ಚು ರೋಗಿಗಳಾದರೆ ಹಾನಿಯ ಅಪಾಯ ಹೆಚ್ಚುತ್ತದೆ ಎಂದು ಎಚ್ಚರಿಸಿತು. ಉಳಿದ ವಿಭಾಗಗಳಿಗೂ ಇಂಥದೇ ಮಾರ್ಗಸೂಚಿ ತಯಾರಾಗುತ್ತಿತ್ತು. 2015ರ ಜೂನ್‌ನಲ್ಲಿ ಆ ಕೆಲಸವನ್ನು ನಿಲ್ಲಿಸಲಾಯಿತು. ಮರುವರ್ಷದ ಡಿಸೆಂಬರಿನಲ್ಲಿ ಕಾರುಣ್ಯದ ನಾಯಕತ್ವವನ್ನು ಕೇಂದ್ರದಲ್ಲಿಟ್ಟ ರಾಷ್ಟ್ರೀಯ ಚೌಕಟ್ಟು ಪ್ರಕಟವಾಯಿತು. ಈ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ತುಂಬ ಬೇಸರವಾಗುತ್ತದೆ. ಚೌಕಟ್ಟಿನಲ್ಲಿ ಬರೆದದ್ದು ಸುಳ್ಳಲ್ಲ, ಬರೆದವರ ಕಾಳಜಿಯೂ ನಿಜ. ಆದರೆ ಎಣಿಕೆಯನ್ನು ಕೈಬಿಟ್ಟು ಕಾರುಣ್ಯವನ್ನು ಮಾತ್ರ ಹಿಡಿದರೆ ಅದು ನಾಲ್ಕನೆಯ ಕ್ರಿಯೆಯಿಲ್ಲದ ಕಾರುಣ್ಯವಾಗುತ್ತದೆ.

ಅಂಥ ಕಾರುಣ್ಯ ಸಾಲದೆಂಬುದನ್ನು ಹೆರಿಗೆ ವಿಭಾಗಗಳ ತನಿಖೆಗಳಲ್ಲೂ ಕಾಣಬಹುದು. 2022ರ ಮಾರ್ಚಿನಲ್ಲಿ ಡೊನ್ನಾ ಆಕೆಂಡನ್ ಅವರ ಶ್ರೂಸ್‌ಬರಿ ವರದಿ ಬಂತು. 1,486 ಕುಟುಂಬಗಳ ಪ್ರಕರಣಗಳು ಅದರಲ್ಲಿದ್ದವು. ಅಕ್ಟೋಬರಿನಲ್ಲಿ ಬಿಲ್ ಕರ್ಕಪ್ ಈಸ್ಟ್ ಕೆಂಟ್ ಆಸ್ಪತ್ರೆಗಳ ಬಗ್ಗೆ ವರದಿ ಕೊಟ್ಟು, ಪರಿಶೀಲಿಸಿದ 202 ಪ್ರಕರಣಗಳಲ್ಲಿ 97ರ ಫಲ ಬೇರೆಯಾಗಬಹುದಿತ್ತು ಎಂದರು. ಎರಡರಲ್ಲೂ ಹಳೆಯ ಚಿತ್ರವೇ: ಒಡೆದ ತಂಡಗಳು, ಮಾತಾಡಲು ಹೆದರುವ ಸಿಬ್ಬಂದಿ, ಎಲ್ಲವೂ ಸರಿಯಿದೆ ಎಂಬ ಸುದ್ದಿಯನ್ನಷ್ಟೇ ಕೇಳಬಯಸುವ ಮೇಲಿನವರು. ಮೇರಿ ಡಿಕ್ಸನ್-ವುಡ್ಸ್ ಮತ್ತು ಸಹಸಂಶೋಧಕರು 2014ರಲ್ಲೇ ಇಂಗ್ಲೆಂಡಿನ ಆಸ್ಪತ್ರೆ ಆಡಳಿತಗಳಲ್ಲಿ ಎರಡು ಪ್ರವೃತ್ತಿಗಳನ್ನು ಗುರುತಿಸಿದ್ದರು. ಕೆಲವರು ತೊಂದರೆಯನ್ನು ಹುಡುಕಿಕೊಂಡು ಹೋಗುತ್ತಾರೆ, ಕೆಲವರು ನೆಮ್ಮದಿಯನ್ನು ಹುಡುಕಿಕೊಂಡು ಹೋಗುತ್ತಾರೆ. ಎರಡನೆಯವರು ವಾರ್ಡಿಗೆ ಬಂದು ಹೋದರೂ ಏನೂ ಕಾಣುವುದಿಲ್ಲ.

ವೇಲ್ಸ್ ಮತ್ತು ಸ್ಕಾಟ್ಲೆಂಡ್ ಎಣಿಕೆಯನ್ನು ಕಾನೂನಿನೊಳಗೆ ತಂದವು. ವೇಲ್ಸ್ 2016ರಲ್ಲಿ ನರ್ಸುಗಳ ಸಂಖ್ಯೆಯ ಬಗ್ಗೆ ಕಾಯ್ದೆ ಮಾಡಿ, ವಾರ್ಡಿಗೆ ಬೇಕಾದ ಸಂಖ್ಯೆಯನ್ನು ವೃತ್ತಿಪರ ವಿವೇಚನೆಯಿಂದ ಲೆಕ್ಕ ಹಾಕಿ ಕಾಯ್ದುಕೊಳ್ಳುವ ಹೊಣೆಯನ್ನು ಆರೋಗ್ಯ ಮಂಡಳಿಗಳ ಮೇಲೆ ಹೊರಿಸಿತು. ಕಾರುಣ್ಯದ ನಾಯಕತ್ವದ ತತ್ತ್ವಗಳನ್ನೂ ಅದೇ ವೇಲ್ಸ್ ಮೈಕೆಲ್ ವೆಸ್ಟ್ ಅವರ ನೆರವಿನಿಂದ ಅಳವಡಿಸಿಕೊಂಡಿತು. ಕಾಯ್ದೆ ಮಾಡಿದ ಮಾತ್ರಕ್ಕೆ ನರ್ಸುಗಳು ಹುಟ್ಟುವುದಿಲ್ಲ; 2022ರ ಡಿಸೆಂಬರಿನಲ್ಲಿ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ತನ್ನ ಇತಿಹಾಸದಲ್ಲೇ ಅತಿ ದೊಡ್ಡ ಮುಷ್ಕರಕ್ಕೆ ಕರೆ ಕೊಟ್ಟಾಗ ವೇಲ್ಸಿನ ನರ್ಸುಗಳೂ ಬೀದಿಯಲ್ಲಿದ್ದರು.

ಸ್ಕಾಟ್ಲೆಂಡಿನ ಕಾಯ್ದೆ 2019ರಲ್ಲಿ ಅಂಗೀಕಾರವಾಗಿ 2024ರ ಏಪ್ರಿಲ್ 1ರಂದು ಜಾರಿಗೆ ಬಂತು. ಸಂಶೋಧಕರು ಮುಂದಿನ ವರ್ಷಗಳಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಅದರ ಕೆಲವು ಸಣ್ಣ ಅಂಶಗಳನ್ನು. ಸಿಬ್ಬಂದಿ ಸಾಲದೆ ಅಪಾಯವಾಗಬಹುದೆಂದು ಕಂಡ ಯಾವ ನೌಕರರಾದರೂ ಅದನ್ನು ಆ ಹೊತ್ತಿಗೇ ತಿಳಿಸುವ ವ್ಯವಸ್ಥೆ ಇರಬೇಕು. ವಾರ್ಡಿನ ಮಟ್ಟದಲ್ಲಿ ಬಗೆಹರಿಯದಿದ್ದರೆ ವಿಷಯ ಮೇಲಕ್ಕೆ ಹೋಗಬೇಕು. ಕೊನೆಗೆ ಏನು ತೀರ್ಮಾನವಾಯಿತು, ಏಕೆ ಆಯಿತು ಎಂಬುದನ್ನು ಮೊದಲು ಹೇಳಿದವರಿಗೆ ತಿಳಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಅವರು ತಮ್ಮ ಭಿನ್ನಮತವನ್ನು ದಾಖಲಿಸಬಹುದು. ವಾರ್ಡಿನ ಹೊಣೆ ಹೊತ್ತ ಹಿರಿಯ ನರ್ಸಿಗೆ ನಾಯಕತ್ವದ ಕೆಲಸ ಮಾಡಲು ಸಾಕಷ್ಟು ಸಮಯವನ್ನೂ ಕೊಡಬೇಕು. ಎಷ್ಟು ವಾರ್ಡುಗಳಲ್ಲಿ ಆ ಸಮಯ ಡ್ಯೂಟಿ ಪಟ್ಟಿಯಲ್ಲಿ ನಿಜವಾಗಿ ನಮೂದಾಗಿದೆ, ಎಷ್ಟು ಭಿನ್ನಮತಗಳು ದಾಖಲಾಗಿವೆ, ದಾಖಲಿಸಿದವರು ಒಂದು ವರ್ಷದ ಮೇಲೂ ಅದೇ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದಾರೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ಅಧ್ಯಯನಗಳು ಈಗ ನಡೆಯಬೇಕು.